ಓದುಗರ ಪ್ರಶ್ನೆ: ಗಾಜಿನ ಇಟ್ಟಿಗೆ ಹಾಕಿಸಿದರೆ ಲಿಂಟಲ್ ಬೇಡವೇ?

“ಮೆಟ್ಟಿಲ ಪಕ್ಕದ ಗೋಡೆಯಲ್ಲಿ ನಾಲ್ಕಡಿ ಅಗಲಕ್ಕೆ ಗಾಜಿನ ಇಟ್ಟಿಗೆ ಕೂರಿಸಬೇಕೆಂದಿದ್ದೇವೆ. ಅದೂ ಇಟ್ಟಿಗೆಯೇ ತಾನೇ, ಮೇಲೆ ಲಿಂಟಲ್ ದಂಡದ ಖರ್ಚು ಎನ್ನುತ್ತಾರೆ ನಮ್ಮ ಮೇಸ್ತ್ರಿ. ಹೌದೇ?”

ಅಲ್ಲ. ಲಿಂಟಲ್, ಅಂದರೆ ಕಿಂಡಿಯ ಮೇಲೆ ಅಡ್ಡಲಾಗಿ ಕೂತು ಮೇಲಿನ ಭಾರ ಹೊರುವ ತೊಲೆ, ಬೇಕು. ಹಿಂದೆಯೂ ಹೇಳಿದ್ದೇನೆ, ಅದರ ಹಿಂದೆಯೂ ಹೇಳಿದ್ದೇನೆ. ಊರು ಮತ್ತು ಸೈಟಿನ ಅಳತೆ ಮಾತ್ರ ಬದಲಾಗುತ್ತದೆ, ಪ್ರಶ್ನೆ ಅದೇ. ‘ಅಲ್ಲ’ ಎಂದಷ್ಟೇ ಬರೆದು ಸುಮ್ಮನಾದರೆ ಗೆಲ್ಲುವವರು ಮೇಸ್ತ್ರಿಯೇ, ಏಕೆಂದರೆ ಅವರು ದಿನವಿಡೀ ಸೈಟಿನಲ್ಲಿರುತ್ತಾರೆ, ನಾನು ನಿಮ್ಮ ಮೊಬೈಲಿನಲ್ಲಿ ಎರಡು ನಿಮಿಷ. ಆದ್ದರಿಂದ ಈ ಸಲ ಕಾರಣ ಸಮೇತ ಹೇಳಿಬಿಡುತ್ತೇನೆ.

ತಪ್ಪೆಲ್ಲ ಹೆಸರಿನದು. ಗಾಜಿನ ಇಟ್ಟಿಗೆ ಎಂದು ಕರೆಯುತ್ತೇವೆ, ಆದರೆ ಅದು ಎರಡು ಗಾಜಿನ ಬಟ್ಟಲುಗಳನ್ನು ಬಿಸಿಯಿರುವಾಗಲೇ ಬಾಯಿಗೆ ಬಾಯಿ ಒತ್ತಿ ಬೆಸೆದ ಟೊಳ್ಳು ಡಬ್ಬಿ. ತಣ್ಣಗಾದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡ ಹೊರಗಿನದಕ್ಕಿಂತ ಬಹಳ ಕಡಿಮೆ. ಸಾಮಾನ್ಯವಾಗಿ ಸಿಗುವುದು 190 ಮಿ.ಮೀ. ಚೌಕ, 80 ಮಿ.ಮೀ. ದಪ್ಪದ್ದು, ತೂಕ ಎರಡೂವರೆ ಕಿಲೋ ಆಸುಪಾಸು. ಅದನ್ನು ಕತ್ತರಿಸಲಾಗದು. ಅರ್ಧ ಇಟ್ಟಿಗೆ, ಮುಕ್ಕಾಲು ಇಟ್ಟಿಗೆ ಎಂಬ ಮಾತೇ ಇಲ್ಲಿಲ್ಲ.

ಮೇಸ್ತ್ರಿಗಳ ಬಳಿ ಇದಕ್ಕೊಂದು ಸಿದ್ಧ ಪುರಾವೆ ಇರುತ್ತದೆ. ಒಂದು ಗಾಜಿನ ಇಟ್ಟಿಗೆಯನ್ನು ಮರಳಿನ ಮೇಲಿಟ್ಟು, ಚಪ್ಪಲಿ ಕಳಚಿ, ಅದರ ಮೇಲೆ ನಿಂತು ತೋರಿಸುತ್ತಾರೆ. “ನೋಡಿ ಸಾರ್, ಏನಾದರೂ ಆಯಿತಾ?” ಏನೂ ಆಗುವುದಿಲ್ಲ, ನಿಜ. ಮರಳು ಅವರ ಭಾರವನ್ನು ಎಲ್ಲ ಕಡೆಗೂ ಸಮನಾಗಿ ಹಂಚಿಕೊಂಡಿರುತ್ತದೆ, ನಿಂತವರೂ ಅರ್ಧ ನಿಮಿಷಕ್ಕೆ ಇಳಿದುಬಿಡುತ್ತಾರೆ. ಗೋಡೆಯ ಮೇಲೆ ಕುಳಿತ ತೊಲೆ ಹಾಗೆ ಇಳಿದು ಹೋಗುವುದಿಲ್ಲ.

ಮಣ್ಣಿನ ಇಟ್ಟಿಗೆಯ ಗೋಡೆಯನ್ನು ನೋಡಿ. ಒಂದು ಸಾಲಿನ ಸಂದಿನ ಮೇಲೆ ಇನ್ನೊಂದು ಸಾಲಿನ ಇಟ್ಟಿಗೆಯ ನಡು ಬರುತ್ತದೆ. ಮೇಲಿನ ಭಾರ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹರಡುತ್ತಾ ಇಳಿಯುತ್ತದೆ. ಗಾಜಿನದನ್ನು ಹಾಗೆ ಕಟ್ಟುವುದಿಲ್ಲ. ಚದುರಂಗದ ಮಣೆಯಂತೆ ಸಂದಿನ ಮೇಲೆ ಸಂದು ನೇರ ನಿಲ್ಲುತ್ತದೆ, ಒಂದಕ್ಕೊಂದು ಹಿಡಿತವಿಲ್ಲದ ಕಂಬಗಳ ಸಾಲು ಅಷ್ಟೇ. ಮೇಲಾಗಿ ಮಣ್ಣಿನ ಇಟ್ಟಿಗೆ ಗಾರೆಯ ನೀರನ್ನು ಹೀರಿ ಕಚ್ಚಿಕೊಳ್ಳುತ್ತದೆ, ಗಾಜು ಒಂದು ಹನಿಯನ್ನೂ ಹೀರದು. ಭಾರ ಒಂದು ಮೂಲೆಗೆ ಹೆಚ್ಚಾಗಿ ಬಿದ್ದರೆ ಮಣ್ಣಿನ ಇಟ್ಟಿಗೆ ಅಂಚಿನಲ್ಲಿ ಸ್ವಲ್ಪ ಪುಡಿಯಾಗಿ ಸುಧಾರಿಸಿಕೊಳ್ಳುತ್ತದೆ. ಗಾಜಿಗೆ ಸುಧಾರಿಸಿಕೊಳ್ಳುವ ಗುಣವಿಲ್ಲ. ತಡೆಯುವಷ್ಟು ಕಾಲ ತಡೆದು, ಒಂದು ದಿನ ಸೀಳುತ್ತದೆ.

ಇನ್ನು ತೊಲೆಯ ಕಡೆ ಬನ್ನಿ. ಕಾಂಕ್ರೀಟಿನ ತೊಲೆ ನೆಟ್ಟಗೆ ನಿಂತಿದೆ ಎಂದು ನಾವು ಭಾವಿಸುತ್ತೇವೆ. ಅದು ವರ್ಷಗಟ್ಟಲೆ ನಿಧಾನವಾಗಿ ಬಗ್ಗುತ್ತಲೇ ಇರುತ್ತದೆ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನಕವಾದ ಐಎಸ್ 456 ಸಂಹಿತೆಯೇ ಇದನ್ನು ಒಪ್ಪಿಕೊಂಡು ಮಿತಿ ಹಾಕಿದೆ: ಗೋಡೆ, ಗಿಲಾವು ಎಲ್ಲ ಮುಗಿದ ನಂತರದ ಬಾಗು ತೊಲೆಯ ಉದ್ದದ 350ನೇ ಒಂದು ಭಾಗವನ್ನಾಗಲಿ, 20 ಮಿ.ಮೀ. ಅನ್ನಾಗಲಿ, ಯಾವುದು ಕಡಿಮೆಯೋ ಅದನ್ನು ಮೀರಬಾರದು. ಮೂರೂವರೆ ಮೀಟರ್ ತೊಲೆಗೆ ಲೆಕ್ಕ ಹಾಕಿ, 10 ಮಿ.ಮೀ. ಬರುತ್ತದೆ. ಅಂದರೆ ಯಾರ ತಪ್ಪೂ ಇಲ್ಲದೆ, ಸಂಹಿತೆಯ ಅಪ್ಪಣೆಯ ಮೇರೆಗೇ, ಅಂಥ ತೊಲೆ ಹತ್ತು ಮಿಲಿಮೀಟರ್ ಕೆಳಗೆ ಬರಬಹುದು. ಅದರ ಕೆಳಗೆ ಗಾಜು ಬಿಗಿಯಾಗಿ ಕುಳಿತಿದ್ದರೆ ಅದು ಹೋಗುವುದಾದರೂ ಎಲ್ಲಿಗೆ?

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಮನೆಯ ಮೆಟ್ಟಿಲ ಗೋಡೆಗೆ ಲಿಂಟಲ್ ಹಾಕಿಸಿದ್ದೆ, ಹೆಮ್ಮೆಯಿಂದಲೇ. ಆದರೆ ಲಿಂಟಲ್ಲಿಗೂ ಮೇಲಿನ ಸಾಲಿಗೂ ನಡುವೆ ಬಿಟ್ಟಿದ್ದ ಸಂದು ‘ಚೆನ್ನಾಗಿ ಕಾಣುವುದಿಲ್ಲ’ ಎಂದು ಕೆಲಸದವರು ನಾನಿಲ್ಲದ ಮಧ್ಯಾಹ್ನ ಗಾರೆ ತುರುಕಿ ನುಣ್ಣಗೆ ಒರೆಸಿದ್ದರು. ನಾನೂ ನೋಡಿ ಸುಮ್ಮನಾದೆ. ಎರಡನೆಯ ಬೇಸಿಗೆಯಲ್ಲಿ ಒಂದು ಸಂಜೆ ಟಪ್ ಎಂಬ ಸದ್ದು. ಮೇಲಿನಿಂದ ಎರಡನೆಯ ಸಾಲಿನ ಒಂದು ಇಟ್ಟಿಗೆಗೆ ಕೂದಲೆಳೆಯಂಥ ಗೆರೆ. ಮಳೆಗಾಲ ಬರುವಷ್ಟರಲ್ಲಿ ಅದರೊಳಗೆ ಮಂಜು ಕಟ್ಟಿತ್ತು, ಈಗಲೂ ಕಟ್ಟುತ್ತದೆ. ಆದ್ದರಿಂದ ಲಿಂಟಲ್ ಇದ್ದರೆ ಸಾಲದು, ಅದು ಗಾಜನ್ನು ಮುಟ್ಟಲೂಬಾರದು.

ಗಾಜಿನ ಗೋಡೆಗೆ ಲೋಕಪ್ರಸಿದ್ಧ ಉದಾಹರಣೆ ಪ್ಯಾರಿಸ್ಸಿನ ಮೇಸೋಂ ದ ವೇರ್, ಅಂದರೆ ಗಾಜಿನ ಮನೆ. 1932ರಲ್ಲಿ ಮುಗಿದದ್ದು, ವಾಸ್ತುಶಿಲ್ಪಿ ಪಿಯೇರ್ ಶರೋ. ಹಳೆಯ ಕಟ್ಟಡವನ್ನು ಪೂರ್ತಿ ಕೆಡವಬೇಕೆಂದಿದ್ದರು. ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿದ್ದ ಅಜ್ಜಿಯೊಬ್ಬರು ಬಿಟ್ಟು ಹೋಗಲು ಒಪ್ಪಲಿಲ್ಲ. ಕಡೆಗೆ ಅಜ್ಜಿಯ ಅಂತಸ್ತನ್ನು ಮೇಲೆ ಹಾಗೇ ಉಳಿಸಿ, ಕೆಳಗೆ ಉಕ್ಕಿನ ಕಂಬ ಕೊಟ್ಟು, ಅದರಡಿ ಹೊಸ ಮನೆ ಕಟ್ಟಿದರು. ಅಜ್ಜಿಯನ್ನು ಹೊತ್ತದ್ದು ಉಕ್ಕು. ಅಂಗಳದಿಂದ ನೋಡುವವರಿಗೆ ಬೆಳಗುವ ಗಾಜಿನ ಗೋಡೆ ಯಾರನ್ನೂ ಹೊತ್ತಿಲ್ಲ. ನಿಮ್ಮ ಮೇಸ್ತ್ರಿಗೆ ಈ ಕಥೆ ಹೇಳಿ ನೋಡಿ.

ಉಳಿದದ್ದು ಬೇಗ ಹೇಳುತ್ತೇನೆ. ಕಿಂಡಿಯನ್ನು ಮೊದಲು ಬಿಟ್ಟು ಆಮೇಲೆ ಇಟ್ಟಿಗೆ ಕೊಳ್ಳಬೇಡಿ. ಸಂದು 10 ಮಿ.ಮೀ. ಎಂದರೆ ಆರು ಇಟ್ಟಿಗೆಗೆ 1190, ಎರಡೂ ಪಕ್ಕ 14ರಷ್ಟು ಬಿಟ್ಟರೆ 1218. ನಾಲ್ಕಡಿ ಎಂದರೆ 1219. ನಿಮ್ಮ ನಾಲ್ಕಡಿ ಅದೃಷ್ಟಕ್ಕೆ ಸರಿಹೋಯಿತು. ಎಲ್ಲರದೂ ಹಾಗೆ ಸರಿಹೋಗದು. ಪಕ್ಕಗಳಲ್ಲೂ ಮೇಲೂ ಬಿಟ್ಟ ಸಂದಿಗೆ ಫೋಮ್ ಪಟ್ಟಿ ಇಟ್ಟು ಹೊರಗಿನಿಂದ ಸಿಲಿಕೋನ್ ಎಳೆಸಿ. ಸಾಲುಗಳ ನಡುವೆ ತುಕ್ಕು ಹಿಡಿಯದ ಸ್ಟೀಲ್ ಸರಳು ಹಾಕಿಸಿ, ಅದು ಗಾಜಿಗೆ ತಾಗದಿರಲಿ. ಮಾಮೂಲು ಕಂಬಿ ಹಾಕಿದರೆ ತುಕ್ಕು ಹಿಡಿದು ಉಬ್ಬಿ ಸಂದನ್ನೇ ಸೀಳುತ್ತದೆ. ಬಿಳಿ ಸಿಮೆಂಟಿನ ಗಾರೆ ಗಟ್ಟಿಯಾಗಿರಲಿ, ಕೈಯಲ್ಲಿ ಉಂಡೆ ಕಟ್ಟಿದರೆ ನಿಲ್ಲುವಷ್ಟು. ಮಾಮೂಲಿನಂತೆ ತೆಳ್ಳಗೆ ಕಲಸಿದರೆ ಗಾಜು ಅದರ ಮೇಲೆ ತೇಲುತ್ತದೆ. ಅಭ್ಯಾಸಬಲದಿಂದ ಇಟ್ಟಿಗೆಗಳನ್ನು ತೊಟ್ಟಿಯಲ್ಲಿ ನೆನೆಹಾಕುವವರನ್ನೂ ಕಂಡಿದ್ದೇನೆ, ತಡೆಯಿರಿ. ಕರಣೆಯ ಕಬ್ಬಿಣದಿಂದ ತಟ್ಟಿ ಕೂರಿಸುವುದಂತೂ ಬೇಡವೇ ಬೇಡ, ಕೈಯಿಂದ ಒತ್ತಿ ರಸಮಟ್ಟ ನೋಡಿದರೆ ಸಾಕು. ದಿನಕ್ಕೆ ನಾಲ್ಕೈದು ಸಾಲಿಗಿಂತ ಮೇಲೇರಿಸಬೇಡಿ.

ಗಾಳಿಯ ವಿಷಯ ನೀವು ಕೇಳಲಿಲ್ಲ, ಯಾರೂ ಕೇಳುವುದಿಲ್ಲ. ಇದು ಬೆಳಕಿಂಡಿಯೇ ಹೊರತು ಕಿಟಕಿಯಲ್ಲ. ಬಚ್ಚಲುಮನೆಗೆ ಹಾಕಿಸುವವರು ಬೇರೆ ವೆಂಟಿಲೇಟರ್ ಬಿಡದಿದ್ದರೆ ಆರು ತಿಂಗಳಲ್ಲಿ ತಾರಸಿಯ ಕೆಳಗೆ ಬೂಷ್ಟು ನೋಡುತ್ತಾರೆ.

ಬಚ್ಚಲಿನ ಮಾತು ಬಂದಿತೆಂದು ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಲೆಅಲೆಯಾಗಿರುವ ಪಾರದರ್ಶಕ ಗಾಜಿನಲ್ಲಿ ಹಗಲು ಹೊರಗಿನಿಂದ ಏನೂ ಕಾಣದು. ರಾತ್ರಿ ಒಳಗೆ ದೀಪ ಹಾಕಿದಾಗ ಬೀದಿಯಲ್ಲಿ ನಿಂತು ಒಮ್ಮೆ ನೋಡಿ, ತೊಗಲುಬೊಂಬೆಯಾಟ ನಡೆದಿರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಇಟ್ಟಿಗೆಯ ಹಿಂದೆ ಅಂಗೈ ಇಟ್ಟು, ನಿಧಾನವಾಗಿ ದೂರ ಸರಿಸಿ. ಒಂದಡಿ ಆಚೆಗೂ ಬೆರಳು ಎಣಿಸಲು ಬಂದರೆ ಅದನ್ನು ಮೆಟ್ಟಿಲಿಗೆ ಇಟ್ಟುಕೊಳ್ಳಿ, ಬಚ್ಚಲಿಗೆ ಮಂಜುಗಾಜಿನದನ್ನು ಕೇಳಿ.