ತೊಗರಿಗೆ ಹುಳ ಹತ್ತುವುದು ಹೊಲದಲ್ಲೇ

ಎಳ್ಳಮಾಸಿ ಆಸುಪಾಸಿನಲ್ಲಿ ರಾಶಿ ಮಾಡಿದ ತೊಗರಿ ಚೀಲಕ್ಕೆ ಬೀಳುವಾಗ ಕಾಳಿನಲ್ಲಿ ಒಂದು ತೂತೂ ಕಾಣುವುದಿಲ್ಲ. ಯುಗಾದಿ ಕಳೆದು ಚೀಲ ಬಿಚ್ಚಿದರೆ ಕಂದು ಬಣ್ಣದ ಗಿಡ್ಡ ಹುಳಗಳು ಮುಂಗೈ ಮೇಲೆ ಹರಿದಾಡುತ್ತವೆ, ಕಾಳಿನಲ್ಲಿ ಎರಡು ಮಿಲಿಮೀಟರ್ ಅಗಲದ ದುಂಡನೆಯ ತೂತುಗಳು. ಆಗ ಬೈಗುಳ ಬೀಳುವುದು ಕೋಣೆಗೆ, ಚೀಲಕ್ಕೆ, ಇಲ್ಲವೇ ಚೀಲ ಕೊಟ್ಟ ಅಡತಿಯವರಿಗೆ. ಅವರ ತಪ್ಪೂ ಸ್ವಲ್ಪ ಇದ್ದೀತು. ಆದರೆ ಮೊದಲ ಹುಳ ಬಹಳಷ್ಟು ಸಲ ಹೊಲದಿಂದಲೇ, ಕಾಳಿನ ಹೊಟ್ಟೆಯೊಳಗೆ ಕೂತು ಮನೆಗೆ ಬಂದಿರುತ್ತದೆ.

ಇದು ಕ್ಯಾಲೊಸೊಬ್ರೂಕಸ್ ಎಂಬ ಕುಲದ ದುಂಬಿ. ತೊಗರಿ, ಕಡಲೆ, ಹೆಸರು, ಅಲಸಂದಿ ಎಲ್ಲಕ್ಕೂ ಬೀಳುತ್ತದೆ. ಕಾಯಿ ಬಲಿತು ಒಣಗುವ ಹೊತ್ತಿಗೆ ಹೆಣ್ಣು ದುಂಬಿ ಹೊಲಕ್ಕೆ ಹಾರಿ ಬಂದು ಕಾಯಿಯ ಸಿಪ್ಪೆಗೆ ಮೊಟ್ಟೆ ಅಂಟಿಸುತ್ತದೆ. ಮರಿ ಸಿಪ್ಪೆ ಕೊರೆದು ಕಾಳಿಗೆ ಇಳಿಯುತ್ತದೆ. ರಾಶಿಯಲ್ಲಿ ಅಂಥ ಕಾಳು ನೂರಕ್ಕೆ ಒಂದೂ ಇರಲಿಕ್ಕಿಲ್ಲ, ಆದರೆ ಮುಂದಿನ ಸಂತತಿಗೆ ಅಷ್ಟು ಸಾಕು. ಚೀಲದೊಳಗೆ ಹೊರಬಿದ್ದ ಹೆಣ್ಣು ನೇರವಾಗಿ ಕಾಳಿನ ಮೇಲೆಯೇ 80ರಿಂದ 100 ಮೊಟ್ಟೆ ಇಡುತ್ತದೆ. ನಾಲ್ಕೈದು ದಿನಕ್ಕೆ ಮೊಟ್ಟೆಯ ತಳದಿಂದಲೇ ಮರಿ ಕಾಳಿನೊಳಗೆ ಇಳಿಯುತ್ತದೆ. ತಿಂದು ಬೆಳೆದು, ಅಲ್ಲೇ ಕೋಶವಾಗಿ, 30 ಡಿಗ್ರಿ ಶಾಖದಲ್ಲಿ ಸುಮಾರು 25–30 ದಿನಕ್ಕೆ ದುಂಬಿಯಾಗಿ ತೂತು ಮಾಡಿಕೊಂಡು ಹೊರಬರುತ್ತದೆ.

ನಮಗೆ ಕಾಣುವ ದುಂಬಿ ಕಾಳು ತಿನ್ನುವುದೇ ಇಲ್ಲ. ಹತ್ತು ಹನ್ನೆರಡು ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ತಿಂದದ್ದೆಲ್ಲ ಒಳಗಿದ್ದ ಮರಿ. ಹಾಗಾಗಿ ದುಂಬಿ ಕಂಡಾಗ ಜರಡಿ ಹಿಡಿದರೆ ತಿಂದು ಮುಗಿಸಿದವು ಹೋಗುತ್ತವೆ, ತಿನ್ನುತ್ತಿರುವವು ಉಳಿಯುತ್ತವೆ. ಲೆಕ್ಕ ನೋಡಿ: ಒಂದು ಹೆಣ್ಣಿನ ಮೊಟ್ಟೆಗಳಲ್ಲಿ 20 ಹೆಣ್ಣುಗಳಷ್ಟೇ ಬದುಕಿ ಮತ್ತೆ ಮೊಟ್ಟೆಯಿಟ್ಟವು ಎಂದುಕೊಂಡರೂ ಮೊದಲ ತಲೆಮಾರಿಗೆ 20, ಎರಡನೆಯದಕ್ಕೆ 400, ಮೂರನೆಯದಕ್ಕೆ 8,000. ಜನವರಿಯ ಚಳಿಯಲ್ಲಿ ಈ ಓಟ ನಿಧಾನ, ಮಾರ್ಚ್ ಬಿಸಿಲಿಗೆ ಜೋರು. ಏನೇ ಮಾಡುವುದಿದ್ದರೂ ರಾಶಿಯಾದ ಮೊದಲ ತಿಂಗಳಲ್ಲೇ ಮಾಡಬೇಕು.

ಹುಳ ಇದೆಯೋ ಇಲ್ಲವೋ ಎಂದು ತಿಳಿಯಲು ತೂತು ಬೀಳುವವರೆಗೆ ಕಾಯಬೇಕಿಲ್ಲ. ಚೀಲದ ನಾಲ್ಕು ಕಡೆಯಿಂದ ಒಟ್ಟು 100 ಕಾಳು ತೆಗೆದು, ಕಪ್ಪು ಬಟ್ಟೆಯ ಮೇಲೆ ಹರವಿ, ಭೂತಗನ್ನಡಿ ಹಿಡಿದು ನೋಡಿ. ಸಿಪ್ಪೆಗೆ ಅಂಟಿದ ಸಣ್ಣ ಚುಕ್ಕೆಗಳು ಮೊಟ್ಟೆಗಳು. ಚುಕ್ಕೆ ಗಾಜಿನಂತೆ ಪಾರದರ್ಶಕವಾಗಿದ್ದರೆ ಮರಿ ಇನ್ನೂ ಒಳಗೆ ಹೋಗಿಲ್ಲ. ಸುಣ್ಣದಂತೆ ಬೆಳ್ಳಗಿದ್ದರೆ ಹೋಗಿಯಾಗಿದೆ: ಮರಿ ಕಾಳು ಕೊರೆಯುವಾಗ ಹಿಂದಕ್ಕೆ ತಳ್ಳಿದ ಪುಡಿ ಖಾಲಿ ಚಿಪ್ಪಿನಲ್ಲಿ ತುಂಬಿರುತ್ತದೆ. ಈ ವ್ಯತ್ಯಾಸ ನೋಡಿ ಕಲಿತವರಿಗೆ ಅರ್ಧ ಕೆಲಸ ಸಲೀಸು, ಏಕೆಂದರೆ ಮುಂದೆ ಯಾವ ಉಪಾಯ ನಡೆಯುತ್ತದೆ ಎಂಬುದು ಇದರ ಮೇಲೆಯೇ ನಿಂತಿದೆ.

ಮೊಟ್ಟೆ ಇನ್ನೂ ಪಾರದರ್ಶಕವಾಗಿದ್ದರೆ ಎಣ್ಣೆ ಸಾಕು. ಕಿಲೋ ಕಾಳಿಗೆ 5 ಮಿಲಿಲೀಟರ್, ಅಂದರೆ ಹತ್ತು ಕಿಲೋಗೆ 50. ಔಡಲ ಎಣ್ಣೆಯೋ ಶೇಂಗಾ ಎಣ್ಣೆಯೋ ಆದೀತು. ಅಗಲ ಪರಾತದಲ್ಲಿ ಎರಡು ಮೂರು ಕಿಲೋದಂತೆ ಹಾಕಿಕೊಂಡು, ಪ್ರತಿ ಕಾಳೂ ಮಿನುಗುವವರೆಗೆ ಅಂಗೈಯಲ್ಲಿ ಉಜ್ಜಬೇಕು. ಎಣ್ಣೆಯ ಪದರ ಮೊಟ್ಟೆಯ ಉಸಿರು ಕಟ್ಟಿಸುತ್ತದೆ, ಹೊಸ ಮೊಟ್ಟೆ ಅಂಟಲೂ ಬಿಡುವುದಿಲ್ಲ. ಮೂರು ನಾಲ್ಕು ತಿಂಗಳು ಇದರ ಕಾವಲು ಇರುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಲಾಭ ಎಂದೇನಿಲ್ಲ, ಜಿಡ್ಡು ಕಮಟು ಹಿಡಿಯುತ್ತದೆ ಅಷ್ಟೇ. ಬೇವಿನೆಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಹಿ. ಅದನ್ನು ಬೀಜದ ಕಾಳಿಗಷ್ಟೇ ಇಟ್ಟುಕೊಳ್ಳಿ. ಮರಿ ಒಳಗೆ ಸೇರಿದ ಮೇಲೆ ಯಾವ ಎಣ್ಣೆಯೂ ಅದನ್ನು ಮುಟ್ಟುವುದಿಲ್ಲ.

ಒಳಗೆ ಸೇರಿದ ಮರಿಗೆ ಇರುವುದು ಎರಡೇ ದಾರಿ: ಶಾಖ, ಇಲ್ಲವೇ ಗಾಳಿ ಬಂದ್ ಮಾಡುವುದು.

ಮಾಳಿಗೆ ಮೇಲೆ ಕಾಳು ಹರವಿ ಬಿಸಿಲಿಗೆ ಹಾಕಿದರೆ ದುಂಬಿಗಳು ಹಾರಿ ಪಕ್ಕದ ಮನೆಯ ಚೀಲ ಸೇರುತ್ತವೆ, ಒಳಗಿನ ಮರಿ ಅಲ್ಲೇ ಉಳಿಯುತ್ತದೆ. ಮರಿ, ಮೊಟ್ಟೆ, ಕೋಶ ಎಲ್ಲ ಸಾಯಬೇಕಾದರೆ ಕಾಳಿನ ಶಾಖ 57 ಡಿಗ್ರಿ ದಾಟಿ ಒಂದು ತಾಸು ನಿಲ್ಲಬೇಕು. ಕಲಬುರಗಿಯ ಮಾರ್ಚ್ ಬಿಸಿಲಿಗೆ ಎರಡು ಪ್ಲಾಸ್ಟಿಕ್ ಹಾಳೆ ಜೊತೆಯಾದರೆ ಇದು ಕಷ್ಟವಲ್ಲ. ನೆಲಕ್ಕೆ ಹುಲ್ಲು ಹಾಸಿ, ಅದರ ಮೇಲೆ ಮೂರು ಮೀಟರ್ ಉದ್ದ ಮೂರು ಮೀಟರ್ ಅಗಲದ ಕಪ್ಪು ಹಾಳೆ. ಅಷ್ಟರಲ್ಲಿ 50 ಕಿಲೋ ಕಾಳು ತೆಳುವಾಗಿ ಹರಡುತ್ತದೆ. ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಮುಚ್ಚಿ, ಅಂಚನ್ನು ಒಳಕ್ಕೆ ಮಡಚಿ ಸುತ್ತ ಕಲ್ಲು ಹೇರಬೇಕು. ಹುಲ್ಲು ಹಾಕದಿದ್ದರೆ ಶಾಖ ನೆಲಕ್ಕೆ ಇಳಿದು ಹೋಗುತ್ತದೆ. ಅಂಚು ಸಡಿಲಿದ್ದರೂ ಹಾಗೇ ನಷ್ಟ. ನಡುಮಧ್ಯಾಹ್ನ ಎರಡು ಮೂರು ತಾಸು ಬಿಟ್ಟರೆ ಸಾಕು. ಕಾಳು ಮೊದಲೇ ಚೆನ್ನಾಗಿ ಒಣಗಿರಬೇಕು. ಹಸಿ ಕಾಳಿಗೆ ಹೀಗೆ ಮಾಡಿದರೆ ಬೆಂದು ಮೊಳಕೆ ಶಕ್ತಿ ಹೋಗುತ್ತದೆ.

ಒಣಗಿಸುವ ವಿಷಯದಲ್ಲಿ ಯಂತ್ರದ ಕಟಾವು ಬಂದ ಮೇಲೆ ಸಡಿಲು ಹೆಚ್ಚಾಗಿದೆ. ಹಿಂದೆ ಕೊಯ್ದ ತೊಗರಿ ಕಣದಲ್ಲಿ ದಿನಗಟ್ಟಲೆ ಒಣಗಿ ರಾಶಿಯಾಗುತ್ತಿತ್ತು, ಈಗ ಬೆಳಗ್ಗೆ ಗಿಡದಲ್ಲಿದ್ದದ್ದು ಸಂಜೆ ಚೀಲದಲ್ಲಿ. ಬೇಳೆಕಾಳಿನ ತೇವ ನೂರಕ್ಕೆ 9–10ಕ್ಕೆ, ಜೋಳದ್ದು 12ಕ್ಕೆ ಇಳಿಯಬೇಕು. ತಾಡಪತ್ರಿ ಮೇಲೆ ಎರಡು ಬೆರಳು ದಪ್ಪಕ್ಕೆ ಹರವಿ, ತಾಸಿಗೊಮ್ಮೆ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಹಾಕಿ ಮುಚ್ಚಿ ಎರಡು ಮೂರು ದಿನ ಒಣಗಿಸಿ. ಹಲ್ಲಿನಲ್ಲಿ ಕಡಿದಾಗ ಕಟ್ ಎಂದು ಒಡೆಯಬೇಕು. ತೀರಾ ಹಸಿ ಕಾಳನ್ನು ಹಿಡಿಯಲು ಇನ್ನೊಂದು ಪರೀಕ್ಷೆ ಉಂಟು: ಒಣ ಗಾಜಿನ ಬಾಟಲಿಗೆ ಎರಡು ಮೂರು ಚಮಚ ಹುರಿದು ಆರಿಸಿದ ಉಪ್ಪು, ಮೂರನೇ ಒಂದು ಪಾಲು ಕಾಳು ಹಾಕಿ, ಮುಚ್ಚಿ ಒಂದು ನಿಮಿಷ ಕುಲುಕಿ, ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಮೇಲಿದೆ. ಅಂಟದಿದ್ದರೆ ಕೆಲಸ ಮುಗಿಯಿತು ಎಂದಲ್ಲ, ಹಲ್ಲಿನ ಪರೀಕ್ಷೆ ಮಾಡಲೇಬೇಕು. ಬಿಸಿಲಿನಿಂದ ತೆಗೆದ ಕಾಳನ್ನು ಬಿಸಿಬಿಸಿ ತುಂಬಬೇಡಿ. ಬಿಸಿ ಕಾಳಿನ ತೇವ ಚೀಲದ ತಂಪು ಮಗ್ಗುಲಿಗೆ ಸರಿದು ಅಲ್ಲಿ ಬೂಸ್ಟು ಹಿಡಿಯುತ್ತದೆ.

ಇನ್ನು ಗಾಳಿ. ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದಿಯನ್ನು ಇದೇ ಕುಲದ ದುಂಬಿ ತಿನ್ನುತ್ತಿತ್ತು. 1980ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಕ್ ಮತ್ತು ಸಂಗಡಿಗರು ಅಲ್ಲಿನ ರೈತರಿಗಾಗಿ ಮೂರು ಪದರದ ಚೀಲ ರೂಪಿಸಿದರು: ಒಳಗೆ ಎರಡು ದಪ್ಪ ಪಾಲಿಥೀನ್ ಚೀಲ, ಹೊರಗೆ ಹೆಣೆದ ಚೀಲ. ಬಾಯಿ ಬಿಗಿದರೆ ಕೆಲವೇ ದಿನಗಳಲ್ಲಿ ಹುಳಗಳ ಉಸಿರಾಟದಿಂದಲೇ ಒಳಗಿನ ಆಮ್ಲಜನಕ ತೀರಾ ಇಳಿಯುತ್ತದೆ. ಹುಳ ಉಸಿರುಗಟ್ಟಿ ಸಾಯುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಅದೇ ತಂಡ ಮುಂದೆ ತೋರಿಸಿದ್ದು ಬೇರೆ. ಒಣ ಕಾಳಿನೊಳಗಿನ ಮರಿಗೆ ಕುಡಿಯಲು ನೀರೇ ಇಲ್ಲ. ತಿಂದ ಪಿಷ್ಟವನ್ನು ಆಮ್ಲಜನಕದ ಜೊತೆ ಉರಿಸಿದಾಗ ಮೈಯೊಳಗೆ ಹುಟ್ಟುವ ನೀರೇ ಅದರ ಜೀವಾಳ. ಆಮ್ಲಜನಕ ಇಳಿದರೆ ಮರಿ ತಿನ್ನುವುದನ್ನು ನಿಲ್ಲಿಸುತ್ತದೆ, ನೀರು ಹುಟ್ಟುವುದಿಲ್ಲ, ನಿಧಾನಕ್ಕೆ ಒಣಗಿ ಸಾಯುತ್ತದೆ. ಅಂದರೆ ಅದನ್ನು ಕೊಲ್ಲುವುದು ಬಾಯಾರಿಕೆ. ಕಾಳು ಒಣಗಿದ್ದಷ್ಟೂ ಚೀಲ ಚೆನ್ನಾಗಿ ಕೆಲಸ ಮಾಡುವುದು ಇದಕ್ಕೇ.

ತುಂಬುವ ಮೊದಲು ಎರಡೂ ಒಳಚೀಲಗಳಿಗೆ ಗಾಳಿ ಹಿಡಿದು ಬಾಯಿ ಹಿಂಡಿ, ಎಲ್ಲಾದರೂ ಸುಸ್ ಎನ್ನುತ್ತದೆಯೇ ನೋಡಿ. ಕಾಳನ್ನು ಕುಲುಕಿ ಒತ್ತಿ ತುಂಬಿ, ಮೇಲೆ ಗಾಳಿ ಉಳಿಯದಂತೆ ಬಾಯಿ ತಿರುಚಿ, ಮಡಚಿ, ರಬ್ಬರ್ ಪಟ್ಟಿಯಿಂದ ಬಿಗಿಯಿರಿ. ಎರಡನೆಯದಕ್ಕೂ ಹಾಗೆಯೇ, ಆಮೇಲೆ ಹೊರಚೀಲ. ಕನಿಷ್ಠ ಎರಡು ತಿಂಗಳು ಬಿಚ್ಚಬಾರದು. ದಿನಾ ಒಂದು ಪಾವು ತೆಗೆಯುವ ಚೀಲಕ್ಕೆ ಈ ಪದ್ಧತಿ ಹೊಂದುವುದಿಲ್ಲ. ಊಟದ ಕಾಳನ್ನು ಸಣ್ಣ ಡಬ್ಬಿಗಳಲ್ಲಿ ಕಂಠಮಟ್ಟ ತುಂಬಿ ಒಂದೊಂದಾಗಿ ಬಿಚ್ಚಿ. ಅರ್ಧ ತುಂಬಿದ ಡ್ರಮ್ಮಿನಲ್ಲಿ ಹುಳಕ್ಕೆ ಬೇಕಾದಷ್ಟು ಗಾಳಿ ಇರುತ್ತದೆ. ಇಲಿ ಒಂದು ತೂತು ಮಾಡಿದರೂ ಅಷ್ಟೂ ಶ್ರಮ ದಂಡ.

ನಮ್ಮ ಭಾಗದ ಜೋಳದ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇದೇ ತತ್ವದ ಮೇಲೆ ನಿಂತಿತ್ತು. ಹುಲ್ಲು ಹಾಸಿ ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಕಟ್ಟುತ್ತದೆ. ತೆರೆದ ಕೂಡಲೇ ಇಳಿದವರು ಸತ್ತದ್ದೂ ಅದರಿಂದಲೇ. ದೀಪ ಇಳಿಬಿಟ್ಟು ಆರುತ್ತದೆಯೇ ನೋಡುವ ರೂಢಿ ಹುಟ್ಟಿದ್ದು ಹೀಗೆ.

ಬೂದಿ ಬೆರೆಸುವವರು ಸಾಮಾನ್ಯವಾಗಿ ಹಿಡಿಯಷ್ಟು ಚೆಲ್ಲಿ ಬಿಡುತ್ತಾರೆ. ಅಷ್ಟಕ್ಕೆ ಏನೂ ಆಗುವುದಿಲ್ಲ. ಕಾಳಿನ ಸಂದುಗಳೆಲ್ಲ ತುಂಬಿ ದುಂಬಿ ಓಡಾಡದಂತಾಗಬೇಕಾದರೆ ನಾಲ್ಕು ಸೇರು ಕಾಳಿಗೆ ಮೂರು ಸೇರು ಜರಡಿ ಹಿಡಿದ ಬೂದಿ, ಮೇಲೆ ಇನ್ನೊಂದು ಪದರ ಬೇಕು. ಬೇವಿನ ಎಲೆಯ ಬಲ ಅಲ್ಪ. ಹಸಿ ಎಲೆ ಹಾಕಿದರೆ ತೇವ ಸೇರಿ ಉಲ್ಟಾ ಆಗುತ್ತದೆ.

ಜೋಳದ ಹುಳಗಳೇ ಬೇರೆ. ಸೊಂಡಿಲಿರುವ ನುಸಿ ಕಾಳಿನಲ್ಲಿ ಕುಳಿ ಕೊರೆದು, ಮೊಟ್ಟೆಯಿಟ್ಟು, ಅಂಟಿನಿಂದ ಬಾಯಿ ಮುಚ್ಚುತ್ತದೆ. ಆದ್ದರಿಂದ ಹೊರಗಿನಿಂದ ಮೊಟ್ಟೆ ಕಾಣದು, ಎಣ್ಣೆಯ ಉಪಾಯವೂ ಅಷ್ಟಾಗಿ ನಡೆಯದು. ಇದರ ದುಂಬಿಯೂ ಕಾಳು ತಿನ್ನುತ್ತದೆ, ತಿಂಗಳುಗಟ್ಟಲೆ ಬದುಕುತ್ತದೆ. ಚೀಲದ ತಳದಲ್ಲಿ ರಾಶಿ ಹಿಟ್ಟು ಕಂಡರೆ ಕಾಳು ಕೊರಕ ಬಿದ್ದಿದೆ ಎಂದು ತಿಳಿಯಿರಿ. ಹಿಟ್ಟಿನ ಡಬ್ಬಿಯ ಕೆಂಪು ದುಂಬಿ ಇಡೀ ಕಾಳನ್ನು ಒಡೆಯಲಾರದು, ನುಚ್ಚಿನ ಮೇಲೆ ಬದುಕುತ್ತದೆ. ನುಚ್ಚು ಜರಡಿ ಹಿಡಿದು ತೆಗೆದರೆ ಅದರ ಕಾಟ ಕಡಿಮೆ.

ಹಳೆಯ ಗೋಣಿಚೀಲಗಳನ್ನು ಕುದಿಯುವ ನೀರಿನಲ್ಲಿ ಕಾಲು ತಾಸು ಅದ್ದಿ ಒಣಗಿಸಿ. ಚೀಲಗಳನ್ನು ಶಹಾಬಾದ್ ಫರಸಿಯ ಮೇಲೆ ನೇರವಾಗಿ ಇಡಬೇಡಿ. ಮಳೆಗಾಲದಲ್ಲಿ ತಣ್ಣನೆಯ ಕಲ್ಲು ಬೆವರಿ ತಳದ ಕಾಳು ಕೆಡುತ್ತದೆ. ಗೇಣೆತ್ತರದ ಹಲಗೆ ಹಾಕಿ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಒಟ್ಟಿ.

ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಮನೆಗೆ ಬೇಡವೇ ಬೇಡ. ಮೂರು ಗ್ರಾಂ ಗುಳಿಗೆಯಿಂದ ಒಂದು ಗ್ರಾಂ ಫಾಸ್ಫೀನ್ ಅನಿಲ ಬರುತ್ತದೆ. ಗೋದಾಮಿನಲ್ಲಿ ಟನ್ನಿಗೆ ಎರಡು ಮೂರು ಗುಳಿಗೆ ಇಟ್ಟು, ಗಾಳಿಯಾಡದಂತೆ ಹೊದಿಸಿ, ಏಳು ದಿನ ಬಿಡುವುದು ತರಬೇತಿ ಪಡೆದವರ ಕೆಲಸ. ಕಾನೂನೂ ಅವರಿಗಷ್ಟೇ ಅನುಮತಿ ಕೊಟ್ಟಿದೆ. ಇದಕ್ಕೆ ಪ್ರತಿವಿಷವಿಲ್ಲ. ಮಲಗುವ ಕೋಣೆಯ ಚೀಲಕ್ಕೆ ಗುಳಿಗೆ ಹಾಕಿ ಮನೆಮಂದಿಯೇ ಸತ್ತ ಪ್ರಕರಣಗಳಿವೆ. ಸಂದು ಬಿಟ್ಟು ಅರೆಬರೆ ಅನಿಲ ಕೊಟ್ಟಲ್ಲಿ ಹುಳಗಳಲ್ಲಿ ನಿರೋಧಕ ಶಕ್ತಿಯೂ ಬೆಳೆದಿದೆ.

ಈಗಾಗಲೇ ಹುಳ ಬಿದ್ದಿದ್ದರೆ ಜರಡಿ ಹಿಡಿದು, ಹಾಳೆಯೊಳಗೆ ಕಾಯಿಸಿ, ಬೇಗ ಬೇಳೆ ಮಾಡಿಸಿ. ಸಿಪ್ಪೆ ಹೋದ ಒಡಕು ಬೇಳೆ ಈ ದುಂಬಿಗೆ ಅಷ್ಟು ಹಿಡಿಸುವುದಿಲ್ಲ. ಬೀಜಕ್ಕಿಟ್ಟ ಕಾಳಾದರೆ ಮುಂಗಾರಿನ ಮೊದಲು 100 ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಆರು ದಿನದ ಮೇಲೆ ಎಣಿಸಿ. 75ಕ್ಕಿಂತ ಕಡಿಮೆ ಮೊಳೆತಿದ್ದರೆ ಬಿತ್ತಲು ಬೇರೆ ಬೀಜ ಹುಡುಕಿ.