ಪದ ಪರಿಚಯ: ಟೆನ್ಯೂರ್, ಅಂದರೆ ಮೇಷ್ಟ್ರ ಹಿಡುವಳಿ

ಹೋದ ವರ್ಷ ಮೇ ತಿಂಗಳಲ್ಲಿ ಒಂದು ದಿನ ಬೆಳಗ್ಗೆ ಆರೂವರೆಗೇ ಗುಬ್ಬಿಯಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಮೇಷ್ಟ್ರು, ಆರನೇ ವರ್ಷ ನಡೆಯುತ್ತಿತ್ತು. ರಾತ್ರಿ ಫೋನಿನಲ್ಲಿ ಟೆನ್ಯೂರ್ ಸಿಕ್ತು ಅಂತ ಹೇಳಿದವನು ಅತ್ತೇಬಿಟ್ಟನಂತೆ.

“ಟೆನ್ಯೂರ್ ಅಂದ್ರೆ ಏನೋ? ಒಳ್ಳೇದೋ ಕೆಟ್ಟದ್ದೋ? ಯಾಕೋ ಅಳ್ತಿದ್ದ.”

“ಒಳ್ಳೇದೇ ಕಣಕ್ಕ. ಇನ್ಮೇಲೆ ಅವನನ್ನ ಕೆಲಸದಿಂದ ಸುಮ್ಸುಮ್ನೆ ತೆಗೆಯೋಕಾಗಲ್ಲ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಅಂದ್ರೆ ಇಷ್ಟು ದಿನ ಟೆಂಪರರಿ ಆಗಿದ್ನಾ? ಹೆಣ್ಣು ಕೊಟ್ಟೋರಿಗೆ ಪರ್ಮನೆಂಟ್ ಅಂತ ಹೇಳಿದ್ವಲ್ಲೋ!”

ಅಕ್ಕನ ತಪ್ಪಲ್ಲ. ನಮ್ಮಲ್ಲಿ ಕೆಲಸ ಅಂದರೆ ಎರಡೇ ಜಾತಿ, ಟೆಂಪರರಿ ಮತ್ತು ಪರ್ಮನೆಂಟ್. ಟೆನ್ಯೂರ್ ಅನ್ನೋ ಪದ ಈ ಎರಡರಲ್ಲೂ ಸರಿಯಾಗಿ ಕೂರುವುದಿಲ್ಲ. ಸಾಲದ್ದಕ್ಕೆ ಅದೇ ಪದವನ್ನು ನಾವು ಬೇರೆ ಅರ್ಥದಲ್ಲೂ ಬಳಸುತ್ತೇವೆ. ಕುಲಪತಿಗಳ ಟೆನ್ಯೂರ್ ಮುಗಿಯಿತು ಅಂದರೆ ಅವರ ಅಧಿಕಾರದ ಅವಧಿ ಮುಗಿಯಿತು ಅಂತ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಅದು 4 ವರ್ಷ. ಅಲ್ಲಿ ಟೆನ್ಯೂರ್ ಅಂದರೆ ಮುಗಿಯುವಂಥದ್ದು. ನಮ್ಮ ಹುಡುಗನಿಗೆ ಸಿಕ್ಕಿದ್ದು ಮುಗಿಯದೇ ಇರುವಂಥದ್ದು. ಒಂದೇ ಪದ, ಅರ್ಥ ಮಾತ್ರ ಪೂರ್ತಿ ಉಲ್ಟಾ.

ಪದದ ಬೇರು ಲ್ಯಾಟಿನ್ನಿನ ‘ತೆನೆರೆ’. ಹಾಗಂದರೆ ‘ಹಿಡಿ’. ಜಮೀನು ಹಿಡಿದವನು ಟೆನೆಂಟ್, ಹಿಡಿದಿರುವ ರೀತಿ ಟೆನ್ಯೂರ್. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ‘ಹಿಡಿ’ಯಿಂದಲೇ ಬಂದ ‘ಹಿಡುವಳಿ’ ನಮ್ಮಲ್ಲಿದೆ, ಕಂದಾಯ ಇಲಾಖೆಯ ಕಾಗದದಲ್ಲಿ ದಿನಾ ಓಡಾಡುತ್ತಿದೆ. ಅಕ್ಕನಿಗೂ ನಾನು ಹಾಗೇ ಹೇಳಿದೆ. ನಮ್ಮಜ್ಜ ಗೇಣಿಗೆ ಉಳುತ್ತಿದ್ದರು. ಬೆಳೆ ಎಷ್ಟೇ ಚೆನ್ನಾಗಿ ಬಂದರೂ ಮುಂದಿನ ಯುಗಾದಿಗೆ ಧಣಿ “ಈ ಸಲ ಬೇರೆಯವರಿಗೆ ಕೊಡ್ತೀನಿ” ಅಂದರೆ ಮುಗೀತು. 1974ರಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ಬಂತು, ಉಳುವ ಜಮೀನು ನನ್ನ ಹೆಸರಿಗೆ ಮಾಡಿ ಅಂತ ಕೇಳುವ ಅರ್ಜಿ, ಫಾರಂ 7, ಹಾಕಿದರು, ನ್ಯಾಯಮಂಡಳಿಗೆ ಅಲೆದರು, ಕೊನೆಗೆ ಪಹಣಿಯಲ್ಲಿ ಹೆಸರು ಬಂತು. ಆಮೇಲೆ ಧಣಿಯ ಮನೆ ಜಗಲಿಯ ಮುಂದೆ ನಿಂತು ಅವರ ಜೊತೆ ಜಗಳ ಆಡುವ ಧೈರ್ಯವೂ ಬಂತು. ಹಿಡುವಳಿ ಅನ್ನೋದರ ಜೀವ ಇರೋದು ಈ ಕೊನೇ ಮಾತಿನಲ್ಲಿ.

ಅಮೆರಿಕದಲ್ಲಿ ಇದು ನಡೆಯುವ ರೀತಿ ಹೀಗೆ. ಪಿಎಚ್‌ಡಿ ಮುಗಿಸಿದವರನ್ನು ಅಸಿಸ್ಟೆಂಟ್ ಪ್ರೊಫೆಸರ್ ಅಂತ ತೆಗೆದುಕೊಳ್ಳುತ್ತಾರೆ. ಆ ಹುದ್ದೆ ‘ಟೆನ್ಯೂರ್ ಟ್ರ್ಯಾಕ್’ ಆಗಿದ್ದರೆ ಮಾತ್ರ ಮುಂದೆ ಹಿಡುವಳಿ ಸಿಗುವ ದಾರಿ ಇದೆ. ಮಧ್ಯದಲ್ಲಿ, ಸಾಮಾನ್ಯವಾಗಿ ಮೂರನೇ ವರ್ಷ, ಒಂದು ವಿಮರ್ಶೆ. ಆರನೇ ವರ್ಷದ ಹೊತ್ತಿಗೆ ದೊಡ್ಡ ಫೈಲು. ಅದರಲ್ಲಿ ಪಾಠ, ಸಂಶೋಧನೆ, ಸೇವೆ ಅಂತ ಮೂರು ಭಾಗ. ಸೇವೆ ಅಂದರೆ ಕಮಿಟಿ ಕೆಲಸ, ನಮ್ಮಲ್ಲಿ ಪರೀಕ್ಷಾ ಡ್ಯೂಟಿ ಇದ್ದ ಹಾಗೆ, ಯಾರಿಗೂ ಬೇಡ, ಆದರೆ ಯಾರಾದರೂ ಮಾಡಲೇಬೇಕು. ಈ ಫೈಲನ್ನು ಬೇರೆ ಯೂನಿವರ್ಸಿಟಿಗಳಲ್ಲಿರುವ, ಅದೇ ವಿಷಯದ ಪರಿಣತರಿಗೆ ಕಳಿಸುತ್ತಾರೆ. ಅವರು ಗುಟ್ಟಾಗಿ ಪತ್ರ ಬರೆಯುತ್ತಾರೆ. ಆಮೇಲೆ ವಿಭಾಗದ ಟೆನ್ಯೂರ್ ಸಿಕ್ಕ ಮೇಷ್ಟ್ರುಗಳು ಓಟು ಹಾಕುತ್ತಾರೆ. ಅಲ್ಲಿಂದ ಡೀನ್, ಅವರ ಮೇಲೆ ಇಡೀ ಯೂನಿವರ್ಸಿಟಿಯ ಪಾಠ-ಸಂಶೋಧನೆ ನೋಡಿಕೊಳ್ಳುವ ಪ್ರೊವೋಸ್ಟ್, ಕೊನೆಗೆ ಆಡಳಿತ ಮಂಡಳಿ. ಹೆಚ್ಚು ಕಡೆ ಇಡೀ ಒಂದು ವರ್ಷ ಇದಕ್ಕೇ ಹೋಗುತ್ತದೆ.

ಸಿಕ್ಕರೆ ಅಸೋಸಿಯೇಟ್ ಪ್ರೊಫೆಸರ್ ಬಡ್ತಿ ಕೂಡ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಸಿಗದಿದ್ದರೆ? ನಮ್ಮಲ್ಲಿ ಬಡ್ತಿ ತಪ್ಪಿದರೆ ಅದೇ ಕುರ್ಚಿಯಲ್ಲಿ ಬೈಕೊಂಡು ಕೂರಬಹುದು. ಅಲ್ಲಿ ಇನ್ನೊಂದು ವರ್ಷ ಸಂಬಳ ಕೊಟ್ಟು, ಅಷ್ಟರಲ್ಲಿ ಬೇರೆ ಕೆಲಸ ನೋಡಿಕೋ ಅನ್ನುತ್ತಾರೆ. ಗುಬ್ಬಿ ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತವನಿಗೆ “ಮೇಲೆ ಹತ್ತು, ಇಲ್ಲ ಇಳಿ” ಅನ್ನುತ್ತಾನಲ್ಲ, ಹಾಗೆ. ಹುಡುಗ ಅತ್ತದ್ದು ಇದಕ್ಕೆ.

ಇಷ್ಟೆಲ್ಲ ಕಟ್ಟುಪಾಡು ಬಂದದ್ದು ಸಂಬಳದ ಭದ್ರತೆಗೆ ಮಾತ್ರ ಅಲ್ಲ. 1900ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ರಾಸ್ ಅನ್ನೋ ಮೇಷ್ಟ್ರು ಕೆಲಸ ಕಳೆದುಕೊಂಡರು. ಏಷ್ಯಾದಿಂದ ಬರುವ ಕೂಲಿಯವರ ವಿರುದ್ಧ ಭಾಷಣ ಮಾಡಿದ್ದರು, ರೈಲ್ವೆ ಕಂಪನಿಗಳನ್ನೂ ಟೀಕಿಸಿದ್ದರು. ಆ ಯೂನಿವರ್ಸಿಟಿ ಕಟ್ಟಿದ್ದೇ ರೈಲ್ವೆ ದುಡ್ಡಿನಿಂದ. ಸಂಸ್ಥಾಪಕರ ಪತ್ನಿ ಜೇನ್ ಸ್ಟ್ಯಾನ್‌ಫರ್ಡ್‌ಗೆ ಅವರು ಬೇಡವಾದರು. ಕೂಲಿಯವರ ಬಗ್ಗೆ ರಾಸ್ ಆಡಿದ ಮಾತು ನಾನು ಒಪ್ಪುವಂಥದ್ದಲ್ಲ, ಕೇಳಿದರೆ ನಮಗೇ ಸಿಟ್ಟು ಬರುತ್ತದೆ. ಆದರೆ ಮಾಲೀಕರಿಗೆ ಇಷ್ಟವಾಗಲಿಲ್ಲ ಅಂತ ಮೇಷ್ಟ್ರನ್ನ ಕಳಿಸಬಹುದಾ ಅನ್ನೋದು ಬೇರೆ ಪ್ರಶ್ನೆ, ಅಲ್ವಾ? ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ಅಲ್ಲಿನ ತತ್ವಶಾಸ್ತ್ರದ ಮೇಷ್ಟ್ರು ಆರ್ಥರ್ ಲವ್‌ಜಾಯ್ ಒಬ್ಬರು. ಅವರೂ ತತ್ವಜ್ಞಾನಿ ಜಾನ್ ಡ್ಯೂಯಿಯೂ ಸೇರಿ 1915ರಲ್ಲಿ ಅಮೆರಿಕದ ಪ್ರಾಧ್ಯಾಪಕರ ಸಂಘ ಕಟ್ಟಿದರು. 1940ರಲ್ಲಿ ಆ ಸಂಘ ಕಾಲೇಜುಗಳ ಒಕ್ಕೂಟದ ಜೊತೆ ಕೂತು ಒಂದು ಹೇಳಿಕೆ ಹೊರಡಿಸಿತು. ಕಾಯಂ ಆಗುವ ಮುಂಚಿನ ಪರೀಕ್ಷಾ ಕಾಲ, ಅಂದರೆ ಪ್ರೊಬೇಷನ್, 7 ವರ್ಷ ಮೀರಬಾರದು, ಅದು ದಾಟಿದ ಮೇಲೆ ತಕ್ಕ ಕಾರಣವಿಲ್ಲದೆ ತೆಗೆಯಬಾರದು ಅನ್ನೋದು ಅದರ ತಿರುಳು. ಇವತ್ತಿಗೂ ಅಲ್ಲಿ ಅದೇ ಅಳತೆಗೋಲು.

ಹಾಗಂತ ಟೆನ್ಯೂರ್ ಸಿಕ್ಕವರನ್ನು ಬ್ರಹ್ಮ ಬಂದರೂ ಅಲ್ಲಾಡಿಸೋಕೆ ಆಗಲ್ಲ ಅನ್ನೋದು ಸುಳ್ಳು. ಗಂಭೀರ ತಪ್ಪು ಮಾಡಿದರೆ ವಿಚಾರಣೆ ಮಾಡಿ ತೆಗೆಯಬಹುದು. ವಿಭಾಗವೇ ಮುಚ್ಚಿದರೆ, ಸಂಸ್ಥೆ ದಿವಾಳಿಯ ಅಂಚಿಗೆ ಬಂದರೆ ಕೂಡ ಕೆಲಸ ಹೋಗಬಹುದು. ಬ್ರಿಟನ್ ಅಂತೂ 1988ರ ಕಾಯ್ದೆಯಲ್ಲಿ ಹೊಸಬರಿಗೆ ಟೆನ್ಯೂರೇ ಇಲ್ಲ ಅಂದುಬಿಟ್ಟಿತು. ಅಮೆರಿಕದಲ್ಲೂ ಇದು ಎಲ್ಲರಿಗೂ ಇರುವ ಭಾಗ್ಯ ಅಲ್ಲ. ಅದೇ ಪ್ರಾಧ್ಯಾಪಕರ ಸಂಘದ ಲೆಕ್ಕದಲ್ಲಿ 2021ರ ಹೊತ್ತಿಗೆ ಶೇ. 68ರಷ್ಟು ಬೋಧಕರು ಟೆನ್ಯೂರಿನ ದಾರಿಯಿಂದ ಆಚೆ ಇದ್ದರು.

ಈಗ ನಮ್ಮ ಕಡೆಗೆ ಬರೋಣ. ತುಮಕೂರು ವಿಶ್ವವಿದ್ಯಾಲಯ ಶುರುವಾದದ್ದು 2004ರಲ್ಲಿ. ಅಲ್ಲಿಯಾಗಲಿ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲಾಗಲಿ ಟೆನ್ಯೂರ್ ಅನ್ನೋ ಹೆಸರಿನ ವ್ಯವಸ್ಥೆ ಇಲ್ಲ. ನಮ್ಮಲ್ಲಿ ಕಾಯಂ ಆಗೋದು ಮೊದಲು, ಬಡ್ತಿ ಆಮೇಲೆ, ಎರಡಕ್ಕೂ ಬೇರೆ ಬೇರೆ ಫೈಲು. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದ ಪ್ರಕಾರ ಪ್ರೊಬೇಷನ್ 1 ವರ್ಷ, ಕೆಲಸ ತೃಪ್ತಿಕರವಾಗಿಲ್ಲದಿದ್ದರೆ ಇನ್ನೊಂದು ವರ್ಷ. ಅಮೆರಿಕದಲ್ಲಿ 6 ವರ್ಷ ನಿದ್ದೆಗೆಟ್ಟು ಗೆಲ್ಲುವುದನ್ನು ಇಲ್ಲಿ ನೇಮಕಾತಿ ಆದೇಶದ ಜೊತೆಗೇ ಮುಕ್ಕಾಲು ಪಾಲು ಗೆದ್ದಿರುತ್ತೀರಿ. ಕಷ್ಟ ಇರುವುದು ಆ ಆದೇಶ ಸಿಗೋದರಲ್ಲಿ.

ಬಡ್ತಿಗೆ ಇರುವುದು ಸಿಎಎಸ್. ಪೂರ್ತಿ ಹೆಸರು ಕೆರಿಯರ್ ಅಡ್ವಾನ್ಸ್‌ಮೆಂಟ್ ಸ್ಕೀಮ್, ಆದರೆ ಸ್ಟಾಫ್ ರೂಮಿನಲ್ಲಿ ಹಾಗೆ ಯಾರೂ ಅನ್ನುವುದಿಲ್ಲ, “ನಿಮ್ದು ಸಿಎಎಸ್ ಆಯ್ತಾ ಸಾರ್?” ಅಷ್ಟೇ. ಯೂನಿವರ್ಸಿಟಿಯಲ್ಲಿ ಸಹಾಯಕ ಪ್ರಾಧ್ಯಾಪಕರು ಸಂಬಳದ ಏಣಿಯ ಲೆವೆಲ್ 10ರಲ್ಲಿ ಸೇರುತ್ತಾರೆ, ಶುರುವಿನ ಮೂಲವೇತನ 57,700 ರೂಪಾಯಿ. ಪಿಎಚ್‌ಡಿ ಇದ್ದರೆ 4 ವರ್ಷಕ್ಕೆ, ಎಂಫಿಲ್ ಇದ್ದರೆ 5ಕ್ಕೆ, ಬರೀ ಸ್ನಾತಕೋತ್ತರ ಪದವಿ ಇದ್ದರೆ 6ಕ್ಕೆ ಲೆವೆಲ್ 11. ಅಲ್ಲಿ 5 ವರ್ಷ ಆದ ಮೇಲೆ ಲೆವೆಲ್ 12. ಹೆಸರು ಇನ್ನೂ ಸಹಾಯಕ ಪ್ರಾಧ್ಯಾಪಕರೇ, ಸಂಬಳ ಮಾತ್ರ ಏರುತ್ತದೆ. ಇನ್ನೂ 3 ವರ್ಷಕ್ಕೆ ಲೆವೆಲ್ 13ಎ, ಆಗ ಸಹ ಪ್ರಾಧ್ಯಾಪಕ. ಮತ್ತೆ 3 ವರ್ಷಕ್ಕೆ ಲೆವೆಲ್ 14, ಪ್ರಾಧ್ಯಾಪಕ. ಕೂಡಿದರೆ ಕನಿಷ್ಠ 15 ವರ್ಷ. ಸಹ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಕಡ್ಡಾಯ, 7 ಪ್ರಕಟಣೆ ಬೇಕು. ಪ್ರಾಧ್ಯಾಪಕರಾಗಲು 10, ಜೊತೆಗೆ ಪಿಎಚ್‌ಡಿಗೆ ಮಾರ್ಗದರ್ಶನ ಮಾಡಿದ ದಾಖಲೆ.

ಸಿಎಎಸ್‌ನ ಒಂದು ಗುಣ ಬಹಳ ಜನಕ್ಕೆ ಗೊತ್ತಿಲ್ಲ. ಇದು ಖಾಲಿ ಹುದ್ದೆ ನೋಡಿ ಕೊಡುವ ಬಡ್ತಿ ಅಲ್ಲ. ಮೇಲಿನವರು ನಿವೃತ್ತರಾಗಲಿ ಅಂತ ಕಾಯಬೇಕಿಲ್ಲ. ಬಡ್ತಿ ಆ ವ್ಯಕ್ತಿಗೆ ಸೇರಿದ್ದು. ಅವರು ನಿವೃತ್ತರಾದ ದಿನ ಹುದ್ದೆ ಮತ್ತೆ ಹಳೇ ಮಟ್ಟಕ್ಕೆ ಇಳಿಯುತ್ತದೆ.

ನಾನು ಕಾಲೇಜಿನ ಮೇಷ್ಟ್ರು. ನನ್ನ ಮೊದಲ ಸಿಎಎಸ್ ಫೈಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಮೂರು ಸೆಟ್ ಮಾಡಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿದೆ. ವರ್ಷವಾರು ಟೈಮ್‌ಟೇಬಲ್, ಎನ್‌ಎಸ್‌ಎಸ್ ಕ್ಯಾಂಪಿನ ಫೋಟೋ, ಸೇವಾ ಪುಸ್ತಕದ ನಕಲು, ಪ್ರತಿ ಹಾಳೆಗೂ ದೃಢೀಕರಣದ ಸೀಲು. ಆ ಅಂಗಡಿ ಹುಡುಗನಿಗೆ ನನ್ನ ಇಡೀ ವೃತ್ತಿಜೀವನ ಬಾಯಿಪಾಠ ಆಗಿರಬೇಕು. ಎಡವಟ್ಟಾದದ್ದು ಒಂದೇ ಕಾಗದದಲ್ಲಿ. ಬಡ್ತಿಗೆ ಮೇಷ್ಟ್ರುಗಳು ಮಾಡಲೇಬೇಕಾದ ತರಬೇತಿ, ರಿಫ್ರೆಶರ್ ಕೋರ್ಸು, ಆಮೇಲೆ ಮಾಡಿದರಾಯ್ತು ಅಂತ ಮುಂದೂಡಿ ಮುಂದೂಡಿ, ಅರ್ಹತೆಯ ದಿನ ದಾಟಿ 4 ತಿಂಗಳಾದ ಮೇಲೆ ಮುಗಿಸಿದ್ದೆ. ಎಲ್ಲ ಷರತ್ತು ಯಾವತ್ತು ಪೂರ್ತಿಯಾಗುತ್ತದೋ ಬಡ್ತಿ ಅವತ್ತಿನಿಂದ. ಹಾಗಾಗಿ 4 ತಿಂಗಳ ಹಿಂಬಾಕಿ ಹೋಯಿತು. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಆಮೇಲೆ ಫೈಲು ಒಂದು ಕಚೇರಿಯಲ್ಲಿ ಒಂದೂವರೆ ವರ್ಷ ಮಲಗಿತ್ತಲ್ಲ, ಅದು ನನ್ನದಲ್ಲ.

ಈ ಫೈಲಿನಲ್ಲಿ ನನ್ನ ಪಾಠ ಹೇಗಿದೆ, ಬರೆದದ್ದರಲ್ಲಿ ಹುರುಳಿದೆಯಾ ಅಂತ ಓದಿ ನೋಡಿದವರು ಯಾರೂ ಇಲ್ಲ. ತಾರೀಖು ನೋಡಿದರು, ಸೀಲು ನೋಡಿದರು. ಅಮೆರಿಕದ ಪದ್ಧತಿ ಕ್ರೂರ, ಆದರೆ ಅಲ್ಲಿ ಯಾರೋ ಗೊತ್ತಿಲ್ಲದವರು ಕೂತು ನಿಮ್ಮ ಬರಹ ಓದುತ್ತಾರೆ. ನಮ್ಮದು ಮೃದು, ಓದುವವರು ಕಮ್ಮಿ. ನಮ್ಮಲ್ಲೂ ಸಹ ಪ್ರಾಧ್ಯಾಪಕ ಹಂತದಿಂದ ಹೊರಗಿನ ತಜ್ಞರು, ಸಂದರ್ಶನ ಎಲ್ಲ ಇದೆ, ಇಲ್ಲ ಅಂತಲ್ಲ. ಇನ್ನೊಂದು ವ್ಯತ್ಯಾಸ ಬಾಯಿಯದ್ದು. ಸರ್ಕಾರಿ ಕಾಲೇಜಿನ ಕಾಯಂ ಮೇಷ್ಟ್ರಿಗೆ ಸಂಬಳ ನಿಲ್ಲುವುದಿಲ್ಲ, ಆದರೆ ಸರ್ಕಾರವನ್ನು ಪತ್ರಿಕೆಯಲ್ಲಿ ಟೀಕಿಸಿ ಬರೆದರೆ ನಡತೆ ನಿಯಮಗಳು ಎದುರಿಗೆ ಬಂದು ನಿಲ್ಲುತ್ತವೆ. ಜಗಲಿ ಮುಂದೆ ನಿಂತು ಜಗಳ ಆಡುವ ಹಕ್ಕು ಆ ಪಹಣಿಯಲ್ಲಿ ಬರೆದಿಲ್ಲ.

ಇನ್ನು ಅತಿಥಿ ಉಪನ್ಯಾಸಕರು. ಹಿಡುವಳಿಯ ಲೆಕ್ಕದಲ್ಲಿ ಅವರದ್ದು ಬಗರ್ ಹುಕುಂ, ಅಂದರೆ ಹುಕುಂ ಇಲ್ಲದೆ ಸರ್ಕಾರಿ ಜಮೀನು ಉಳುವವರ ಸ್ಥಿತಿ. ಹತ್ತು ಹದಿನೈದು ವರ್ಷದಿಂದ ಉಳುತ್ತಿರುತ್ತಾರೆ, ಹುಕುಂ ಮಾತ್ರ ಇಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. ಬಗರ್ ಹುಕುಂ ರೈತರಿಗಾದರೂ ಫಾರಂ 50, 53, 57 ಅಂತ ಸಕ್ರಮಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಬಾಗಿಲು ತೆರೆಯಿತು. ಅತಿಥಿ ಉಪನ್ಯಾಸಕರ ಬಾಗಿಲಿಗೆ ಅಡ್ಡ ನಿಂತದ್ದು 2006ರ ಉಮಾದೇವಿ ಪ್ರಕರಣದ ತೀರ್ಪು. ಅದೂ ನಮ್ಮ ರಾಜ್ಯದ ದಿನಗೂಲಿ ನೌಕರರ ಪ್ರಕರಣವೇ. ನಿಯಮ ಪ್ರಕಾರ ನೇಮಕ ಆಗದವರನ್ನು, ಎಷ್ಟು ವರ್ಷ ದುಡಿದರೂ, ಅದೊಂದೇ ಕಾರಣಕ್ಕೆ ಕಾಯಂ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮಂಜೂರಾದ ಹುದ್ದೆಯಲ್ಲಿ 10 ವರ್ಷ ಮೀರಿ ದುಡಿದ ಕೆಲವರಿಗೆ ಒಂದು ಸಲದ ವಿನಾಯಿತಿ ಕೊಟ್ಟಿತು, ಅಷ್ಟೇ.

ಸಂಜೆ ಅಕ್ಕ ಮತ್ತೆ ಫೋನ್ ಮಾಡಿದಳು.

“ಬೀಗರಿಗೆ ಏನಂತ ಹೇಳ್ಲಿ? ಪ್ರೊಫೆಸರ್ ಆದ ಅನ್ಲಾ?”

ಅಸೋಸಿಯೇಟ್ ಆಗಿದ್ದಾನೆ, ಫುಲ್ ಪ್ರೊಫೆಸರ್ ಆಗೋಕೆ ಇನ್ನೊಂದು ಫೈಲು ಇದೆ, ಆದರೆ ಅದಕ್ಕೆ ಗಡುವಿಲ್ಲ, ಆಗದೇ ಇದ್ದರೂ ಯಾರೂ ಇಳಿಸುವುದಿಲ್ಲ, ನಿವೃತ್ತಿವರೆಗೂ ಅಸೋಸಿಯೇಟ್ ಆಗಿಯೇ ಇರುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂತ ವಿವರಿಸಿದೆ. ಅವಳಿಗೆ ಅಷ್ಟು ಉದ್ದ ಬೇಡವಾಗಿತ್ತು. ಅಮೆರಿಕದಲ್ಲಿ ವಿದ್ಯಾರ್ಥಿಗಳು ಅಸಿಸ್ಟೆಂಟ್ ಪ್ರೊಫೆಸರನ್ನೂ ಪ್ರೊಫೆಸರ್ ಅಂತಲೇ ಕರೆಯುತ್ತಾರೆ. ಹಾಗಾಗಿ “ಪ್ರೊಫೆಸರ್ ಅನ್ನಕ್ಕ, ಸುಳ್ಳಾಗಲ್ಲ” ಅಂದೆ.

“ಪರ್ಮನೆಂಟ್ ಅಂತಾನೂ ಸೇರಿಸ್ಲಾ?”

“ಅದನ್ನ ಆಗ್ಲೇ ಹೇಳಿದೀಯಲ್ಲ, ಬಿಡು.”