ಕ್ಲಿಪ್‌ಬೋರ್ಡಿನ ಚಿತ್ರ ತಾನಾಗಿ ಫೋಲ್ಡರಿಗೆ

ತಂತ್ರಾಂಶಗಳಿಗೆ ಬಳಕೆದಾರರ ಕೈಪಿಡಿ ಬರೆಯುವುದು ನನ್ನ ವೃತ್ತಿ. ಒಂದು ಕೈಪಿಡಿಗೆ ನಲವತ್ತು ಐವತ್ತು ಸ್ಕ್ರೀನ್‌ಶಾಟ್‌ಗಳು ಬೇಕು. ಪ್ರತಿಯೊಂದನ್ನೂ ಕಾಪಿ ಮಾಡಿ, ಬೇರೊಂದು ತಂತ್ರಾಂಶದಲ್ಲಿ ಅಂಟಿಸಿ, ಹೆಸರು ಕೊಟ್ಟು ಉಳಿಸುವಷ್ಟರಲ್ಲಿ ಬರೆಯಬೇಕೆಂದಿದ್ದ ವಾಕ್ಯವೇ ಮರೆತಿರುತ್ತದೆ. ಆದ್ದರಿಂದ, ಟರ್ಮಿನಲ್‌ನಲ್ಲಿ (ಕಮಾಂಡುಗಳನ್ನು ಟೈಪಿಸುವ ಕಿಟಕಿಯಲ್ಲಿ) ಓಡುತ್ತಿದ್ದು, ಕ್ಲಿಪ್‌ಬೋರ್ಡಿಗೆ ಚಿತ್ರ ಬಂದ ಕೂಡಲೇ ಅದನ್ನು ಫೋಲ್ಡರಿಗೆ ಇಳಿಸುವ ಪುಟ್ಟ ಕಮಾಂಡ್ ಲೈನ್ ಸಾಧನವೊಂದನ್ನು ಲಿನಕ್ಸ್‌ನಲ್ಲಿ ಬರೆದುಕೊಂಡೆ. ಬರೆದದ್ದು ಇಪ್ಪತ್ತೇ ಸಾಲು. ಅವು ನೆಟ್ಟಗಾಗಲು ಮಾತ್ರ ಬಹಳ ದಿನ ಹಿಡಿಯಿತು.

ಮೊದಲು ತಿಳಿಯಬೇಕಾದದ್ದೆಂದರೆ, ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ಕಾಪಿ ಒತ್ತಿದಾಗ ಚಿತ್ರವು ಎಲ್ಲಿಗೂ ಹೋಗುವುದಿಲ್ಲ. ಕಾಪಿ ಮಾಡಿದ ತಂತ್ರಾಂಶವು ಕ್ಲಿಪ್‌ಬೋರ್ಡ್ ಈಗ ತನ್ನದೆಂದು ಘೋಷಿಸಿ ಸುಮ್ಮನಿರುತ್ತದೆ. ಅಂಟಿಸುವವರು ಬಂದು ಕೇಳಿದಾಗಲಷ್ಟೇ ದತ್ತಾಂಶವನ್ನು ಕೊಡುತ್ತದೆ. ಬ್ರೌಸರಿನಲ್ಲಿ ಚಿತ್ರವೊಂದನ್ನು ಕಾಪಿ ಮಾಡಿ, ಎಕ್ಸ್‌ಕ್ಲಿಪ್ ಎಂಬ ಕಮಾಂಡಿನಿಂದ ‘ಟಾರ್ಗೆಟ್ಸ್’ ಪಟ್ಟಿಯನ್ನು ಕೇಳಿ ನೋಡಿ: ಇಮೇಜ್/ಪಿಎನ್‌ಜಿ, ಟೆಕ್ಸ್ಟ್/ಎಚ್‌ಟಿಎಂಎಲ್ ಎಂದು ಒಂದೇ ಚಿತ್ರವನ್ನು ಬ್ರೌಸರು ಯಾವ ಯಾವ ರೂಪದಲ್ಲಿ ಕೊಡಬಲ್ಲದೆಂಬುದು ಸಾಲುಸಾಲಾಗಿ ಕಾಣುತ್ತದೆ. ಕಾಪಿ ಮಾಡಿದ ತಂತ್ರಾಂಶವನ್ನು ಮುಚ್ಚಿದ ಮೇಲೆ, ನಡುವೆ ದತ್ತಾಂಶವನ್ನು ತಾನೂ ಕೇಳಿ ಇಟ್ಟುಕೊಳ್ಳುವ ಕ್ಲಿಪ್‌ಬೋರ್ಡ್ ಮ್ಯಾನೇಜರ್ ಇಲ್ಲದಿದ್ದರೆ, ಅಂಟಿಸಲು ಏನೂ ಉಳಿಯದಿರುವುದು ಈ ಕಾರಣಕ್ಕೇ. ನಮ್ಮ ಸಾಧನವು ಅದನ್ನು ಮುಚ್ಚುವ ಮುನ್ನವೇ ಕೇಳಬೇಕು.

ಯಾವಾಗ ಕೇಳಬೇಕು? ನನ್ನ ಮೊದಲ ಆವೃತ್ತಿ ಸೆಕೆಂಡಿಗೊಮ್ಮೆ ಕೇಳುತ್ತಿತ್ತು. ಒಂದೇ ಸೆಕೆಂಡಿನಲ್ಲಿ ಎರಡು ಬಾರಿ ಕಾಪಿ ಮಾಡಿದರೆ ಮೊದಲನೆಯದು ತಪ್ಪಿಹೋಗುತ್ತಿತ್ತು. ಕಾಪಿ ಮಾಡದೆ ಒಂದು ನಿಮಿಷ ಕುಳಿತರೆ ಅದೇ ಚಿತ್ರ ಅರುವತ್ತು ಸಲ ಉಳಿಯುತ್ತಿತ್ತು. ಇಂಥ ಕೇಳಾಟದ ಅಗತ್ಯವೇ ಇಲ್ಲ. ಎಕ್ಸ್11ರಲ್ಲಿ ಎಕ್ಸ್‌ಫಿಕ್ಸಸ್ ಎಂಬ ವಿಸ್ತರಣೆಯು ಕ್ಲಿಪ್‌ಬೋರ್ಡ್ ಕೈಬದಲಾದದ್ದನ್ನು ತಾನಾಗಿ ತಿಳಿಸುತ್ತದೆ. ಎಕ್ಸ್11ರ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ, ಡೆಸ್ಕ್‌ಟಾಪ್ ಅದಕ್ಕೆ ಅನುವು ಮಾಡಿಕೊಟ್ಟಿದ್ದರೆ, ಡಬ್ಲ್ಯುಎಲ್-ಪೇಸ್ಟ್ ಕಮಾಂಡಿಗೆ ‘ವಾಚ್’ ಆಯ್ಕೆಯನ್ನು ಕೊಟ್ಟರೆ ಸಾಕು, ಪ್ರತಿ ಬದಲಾವಣೆಗೂ ನಾವು ಹೇಳಿದ ಸ್ಕ್ರಿಪ್ಟ್ ಓಡುತ್ತದೆ. ವಿಂಡೋಸ್ ವಿಸ್ತಾದಿಂದೀಚೆಗೆ ಇದಕ್ಕೆ ಸರಳವಾದ ಸೂಚನಾ ವ್ಯವಸ್ಥೆಯಿದೆ. ಮ್ಯಾಕ್‌ನಲ್ಲಿ ಪ್ರತಿ ಕಾಪಿಗೂ ಏರುವ ಒಂದು ಎಣಿಕೆಯನ್ನು ಆಗಾಗ ಇಣುಕಿ ನೋಡಬೇಕು. ಹೋಲಿಸುವುದು ಒಂದು ಸಂಖ್ಯೆಯನ್ನಷ್ಟೇ ಆದ್ದರಿಂದ ಭಾರವೇನಿಲ್ಲ.

ನಾನು ಊಹಿಸದೇ ಇದ್ದ ತೊಡಕು ಸ್ಪ್ರೆಡ್‌ಶೀಟಿನಿಂದ ಬಂತು. ಸಹೋದ್ಯೋಗಿಯೊಬ್ಬರು ಸಾಧನವನ್ನು ಬೆಳಿಗ್ಗೆ ಓಡಿಸಿ, ದಿನವಿಡೀ ಲೆಕ್ಕದ ಹಾಳೆಗಳಲ್ಲಿ ಕೆಲಸ ಮಾಡಿ, ಸಂಜೆ ಫೋಲ್ಡರ್ ತೆರೆದರೆ ಅದರ ತುಂಬ ಅಂಕಿಗಳ ಚೌಕಗಳ ಚಿತ್ರಗಳು! ಅಂಥ ತಂತ್ರಾಂಶಗಳು ಕಾಪಿ ಮಾಡಿದ ಕೋಶಗಳನ್ನು ಪಠ್ಯವಾಗಿಯೂ ಚಿತ್ರವಾಗಿಯೂ ಕೊಡಲು ಸಿದ್ಧವಿರುತ್ತವೆ. ಅಂದಿನಿಂದ, ಪಟ್ಟಿಯಲ್ಲಿ ಬರಿಯ ಪಠ್ಯದ ರೂಪವೂ ಇದ್ದರೆ ಉಳಿಸಬೇಡ ಎಂಬ ಒಂದು ಸಾಲನ್ನು ಸೇರಿಸಿದೆ. ಎಚ್‌ಟಿಎಂಎಲ್ ಇದೆಯೆಂದ ಮಾತ್ರಕ್ಕೆ ಚಿತ್ರವನ್ನು ಉಳಿಸದೆ ಬಿಡಬೇಡಿ. ಬಿಟ್ಟರೆ ಬ್ರೌಸರಿನ ಚಿತ್ರಗಳೂ ಹೋಗುತ್ತವೆ.

ಹೀಗೆ ಉಳಿದ ಫೈಲು ಮೂಲದ ಪ್ರತಿಯಲ್ಲ ಎಂಬುದು ನೆನಪಿರಲಿ. ಬ್ರೌಸರ್ ಸಾಮಾನ್ಯವಾಗಿ ಚಿತ್ರದ ಸಂಕುಚಿತ ರೂಪವನ್ನು ಬಿಚ್ಚಿ ಪಿಎನ್‌ಜಿ ಆಗಿ ಕೊಡುವುದರಿಂದ ಜೆಪೆಗ್ ಫೋಟೋ ಹಲವು ಪಟ್ಟು ದೊಡ್ಡದಾಗಬಹುದು, ಜಿಫ್ ಚಿತ್ರದ ಚಲನೆ ನಿಂತುಹೋಗುತ್ತದೆ, ಕ್ಯಾಮೆರಾ ಬರೆದಿಟ್ಟ ದಿನಾಂಕದಂಥ ವಿವರಗಳು ಅಳಿಯುತ್ತವೆ. ಸ್ಕ್ರೀನ್‌ಶಾಟಿಗೆ ಇದಾವುದೂ ಬಾಧಕವಲ್ಲ.

ಹೆಸರಿಗೆ ದಿನಾಂಕ ಮತ್ತು ಸಮಯವನ್ನು ಮಿಲಿಸೆಕೆಂಡಿನವರೆಗೆ ಇಡುತ್ತೇನೆ, ಆದರೆ ನಡುವೆ ಕೋಲನ್ ಹಾಕುವುದಿಲ್ಲ; ವಿಂಡೋಸ್ ಅದನ್ನು ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ. ಅರ್ಧ ಬರೆದ ಫೈಲನ್ನು ಬೇರೆ ತಂತ್ರಾಂಶ ಎತ್ತಿಕೊಳ್ಳದಿರಲೆಂದು, ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಿಸುತ್ತೇನೆ.

ಕಂಪ್ಯೂಟರ್ ಶುರುವಾದೊಡನೆ ಇದೂ ಶುರುವಾಗುವಂತೆ ಮಾಡಿಕೊಡಿ ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾರಿಗೋ ಕಳುಹಿಸಲೆಂದು ಕಾಪಿ ಮಾಡಿದ ಆಧಾರ್ ಕಾರ್ಡಿನ ಚಿತ್ರವೂ ಇದಕ್ಕೆ ಬರಿಯ ಪಿಎನ್‌ಜಿಯೇ. ಆ ಫೋಲ್ಡರ್ ಕ್ಲೌಡಿಗೆ ಜೋಡಣೆಯಾಗಿದ್ದರೆ ಚಿತ್ರ ಅಲ್ಲಿಗೂ ಏರುತ್ತದೆ. ಕೈಪಿಡಿಯ ಕೆಲಸಕ್ಕೆ ಕೂರುವಾಗ ಓಡಿಸುತ್ತೇನೆ, ಏಳುವಾಗ ಕಂಟ್ರೋಲ್-ಸಿ ಒತ್ತಿ ನಿಲ್ಲಿಸುತ್ತೇನೆ.